ಕಬರಸ್ತಾನದ ಹುಲ್ಲಿನ ಮಿಷನ್ನು

ಗಂಜಾಂ, ಶ್ರೀರಂಗಪಟ್ಟಣ
8 ಫೆಬ್ರುವರಿ 2025, ಶನಿವಾರ

ಪ್ರೀತಿಯ ಮಗ ಸೈಫುಲ್ಲಾನಿಗೆ, ನಿನ್ನ ಅಮ್ಮಿ ರೆಹಮತುನ್ನೀಸಾಳ ಸಲಾಮು ಮತ್ತು ಮನಸ್ಸು ತುಂಬ ದುವಾ.

ಹೇಗಿದ್ದೀಯ ಕಂದಾ? ನೀರಿನ ಟ್ಯಾಂಕರಿನ ಸೀಟಿನಲ್ಲಿ ಇಡೀ ದಿನ ಕೂತು ಸೊಂಟ ಹಿಡಿದುಕೊಳ್ಳುತ್ತದೆ ಎಂದಿದ್ದೆಯಲ್ಲ, ಈಗ ಪರವಾಗಿಲ್ಲವೆ? ಬೆನ್ನಿಗೆ ದಿಂಬು ಇಟ್ಟುಕೋ ಎಂದರೆ ಡ್ರೈವರುಗಳು ನಗುತ್ತಾರೆ ಅನ್ನುತ್ತೀಯ. ನಗುವವರು ಬಂದು ನಿನ್ನ ಸೊಂಟಕ್ಕೆ ಎಣ್ಣೆ ತಿಕ್ಕುತ್ತಾರಾ? ಇಟ್ಟುಕೋ. ಬೆಳಿಗ್ಗೆ ಬರೀ ಚಹಾ ಕುಡಿದು ಗಾಡಿ ಹತ್ತಬೇಡ. ಜುಬೇರನ ಕೈಯಲ್ಲಿ ನಿಂಬೆಕಾಯಿ ಉಪ್ಪಿನಕಾಯಿ, ಹುರಿಗಡಲೆ ಚಟ್ನಿಪುಡಿ ಕಳಿಸುತ್ತಿದ್ದೇನೆ. ಅವನ ರಜೆ ಮುಗಿಯಿತು, ಮುಂದಿನ ವಾರ ಸೌದಿಗೆ, ನಿನ್ನ ದಮ್ಮಾಮಿಗೆ ಹೊರಡುತ್ತಾನೆ. ಪಕ್ಕದ ಮನೆಯ ಹುಡುಗ ನಿನ್ನ ರೂಮಿನಲ್ಲೇ ಇರುವುದು ನನ್ನ ಪುಣ್ಯ ಎಂದುಕೊಂಡಿದ್ದೇನೆ. ಡಬ್ಬಿಯ ಮುಚ್ಚಳಕ್ಕೆ ಮೇಣದ ಬತ್ತಿ ಕರಗಿಸಿ ಸುರಿದು ಸೀಲು ಮಾಡಿದ್ದೇನೆ, ದಾರಿಯಲ್ಲಿ ಅವನು ಕೈ ಹಾಕಿದರೆ ಗೊತ್ತಾಗುತ್ತದೆ ಎಂದು ಅವನ ಮುಖದ ಮೇಲೇ ಹೇಳಿದ್ದೇನೆ.

ದಿನಾ ಫೋನು ಮಾಡುವಾಗ ಕಾಗದ ಯಾಕೆ ಎಂದು ನಿನಗೆ ಅನಿಸಬಹುದು. ಫೋನಿನಲ್ಲಿ ಫಿಜಾಳ ಹೆಸರು ತೆಗೆದರೆ ನೀನು "ನೆಟ್‌ವರ್ಕ್ ಹೋಯ್ತು ಅಮ್ಮಿ" ಎಂದು ಇಟ್ಟುಬಿಡುತ್ತೀಯ. ಸರಿಯಾಗಿ ನಿನ್ನ ತಂಗಿಯ ಹೆಸರು ಬಂದಾಗಲೇ ಆ ದೇಶದ ನೆಟ್‌ವರ್ಕು ಹೋಗುತ್ತದೆ ಎಂದು ನಂಬುವಷ್ಟು ದಡ್ಡಿಯಲ್ಲ ನಾನು. ಬೈಯುತ್ತಿಲ್ಲ ಕಂದಾ. ಅವಳಿಗೆ ಮಣ್ಣು ಕೊಡಲು ನಿನಗೆ ಬರಲಾಗಲಿಲ್ಲ, ಆ ಸಂಕಟ ನಿನ್ನ ಎದೆಯಲ್ಲೇ ಕೂತಿದೆ ಎಂದು ಗೊತ್ತು. ಆದರೆ ಈಗ ಹೇಳಬೇಕಾದದ್ದು ಒಂದು ಇದೆ, ಅದನ್ನು ಅರ್ಧಕ್ಕೆ ಇಟ್ಟುಬಿಡಲು ನಿನಗೆ ಆಗಬಾರದು. ಕುರಾನು ಓದುವಷ್ಟು ಅರಬ್ಬಿ ಅಕ್ಷರ ಬಿಟ್ಟರೆ ನನಗೆ ಬರೆಯಲು ಬರುವುದು ಅರಕೆರೆ ಸ್ಕೂಲಿನಲ್ಲಿ ಕಲಿತ ಕನ್ನಡ ಒಂದೇ, ನೀನೂ ಓದಿದ್ದು ಅದನ್ನೇ. ಆದ್ದರಿಂದ ಕೂತು ಪೂರ್ತಿ ಓದು.

ವಿಷಯ ಒಂದು ಇಂಜಿನ್ನಿನದು. ನಮ್ಮ ಕಬರಸ್ತಾನದ ಹುಲ್ಲು ಪ್ರತಿ ವರ್ಷ ಕಬರುಗಳಿಗೆ ದೀಪ ಹಚ್ಚುವ ಷಬೆಬರಾತಿನ ರಾತ್ರಿಗೆ ಮುಂಚೆ ಕೊಯ್ಯಿಸುತ್ತಾರಲ್ಲ, ಇಷ್ಟು ವರ್ಷ ಅದನ್ನು ಕುಳ್ಳಮ್ಮ ಕುಡುಗೋಲು ಹಿಡಿದು ಬಂದು ಕೊಯ್ಯುತ್ತಿದ್ದಳು, ಹುಲ್ಲೆಲ್ಲ ಅವಳ ಹಸುಗಳಿಗೆ. ಈ ವರ್ಷ ಅವಳ ಮಂಡಿ ಕೈಕೊಟ್ಟಿದೆ, ಕೂತರೆ ಏಳಲಾಗುವುದಿಲ್ಲ. ಬೇರೆ ಆಳು ಸಿಗಲಿಲ್ಲ. ಮಳೆಗಾಲದಲ್ಲಿ ಒಂದು ಜನಾಜಾ ಮಣ್ಣಿಗಿಡುವ ಹೊತ್ತಿನಲ್ಲಿ ಹುಲ್ಲಿನಿಂದ ಹಾವು ಹೊರಬಂದು ಜನ ಚದುರಿದ್ದರು. ಅದಕ್ಕೇ ಮಸೀದಿಯ ಮುತವಲ್ಲಿ ಸಾಹೇಬರು ಪಾಂಡವಪುರದ ಕಡೆ ಯಾವುದೋ ತೋಟದಲ್ಲಿ ತುಕ್ಕು ಹಿಡಿದು ಬಿದ್ದಿದ್ದ, ತಳ್ಳಿಕೊಂಡು ಹೋಗುವ ಹುಲ್ಲಿನ ಮಿಷನ್ನು ಒಂದನ್ನು ತಂದು ನಿನ್ನ ಅಬ್ಬಾನ ರಿಪೇರಿ ಅಂಗಡಿಯಲ್ಲಿ ಇಳಿಸಿದರು. ಪಾಷಾ ಭಾಯಿ ಕೈಯಿಟ್ಟರೆ ಹೆಣವೂ ಎದ್ದು ಕೂರುತ್ತದೆ ಎಂದು ನಗಾಡಿಕೊಂಡು ಹೋದರು. ನನಗೆ ಆ ಮಾತು ಹಿಡಿಸಲಿಲ್ಲ.

ಅಬ್ಬಾ ಅದನ್ನು ಬಿಚ್ಚಿ, ಹೊಸ ರಿಂಗು ಹಾಕಿ, ವಾಲ್ವುಗಳನ್ನು ಉಜ್ಜಿ ಕೂರಿಸಿ, ಕಾರ್ಬುರೇಟರು ತೊಳೆದು, ಎಷ್ಟು ಚೆನ್ನಾಗಿ ಕಟ್ಟಿದರೆಂದರೆ ನೋಡಿದವರು ಹೊಸದೇ ಎನ್ನುವಂತಿತ್ತು. ನೀನು ಹೋದ ಮೇಲೆ ಅಂಗಡಿಯಲ್ಲಿ ಸೀಮೆಎಣ್ಣೆಯಲ್ಲಿ ಪಾರ್ಟು ತೊಳೆಯುವುದು, ಟಾರ್ಚು ಹಿಡಿಯುವುದು ಎಲ್ಲ ನನ್ನದೇ ಕೆಲಸ. ನನಗೂ ಈಗ ಸ್ಪ್ಯಾನರಿನ ನಂಬರು ಕಣ್ಣಳತೆಯಲ್ಲಿ ಗೊತ್ತಾಗುತ್ತದೆ ಎಂದರೆ ನೀನು ನಗುತ್ತೀಯ. ನಗು, ನೀನು ನಗದೆ ಬಹಳ ಕಾಲವಾಯಿತು.

ಅಷ್ಟು ಚೆನ್ನಾಗಿ ಕಟ್ಟಿದ ಇಂಜಿನ್ನು ಸ್ಟಾರ್ಟ್ ಆಗಲಿಲ್ಲ. ಹಗ್ಗ ಎಳೆದರೆ ಒಂದು ಸಲ ಕೆಮ್ಮಿ, ಕಾರ್ಬುರೇಟರಿನ ಬಾಯಿಂದ ಪಟಾಕಿ ಹೊಡೆದ ಹಾಗೆ ಸದ್ದು ಬಂದು, ಹಗ್ಗವನ್ನು ಕೈಯಿಂದ ಕಿತ್ತುಕೊಂಡು ಉಲ್ಟಾ ಒದೆಯುತ್ತಿತ್ತು. ಮೊದಲು ಪ್ಲಗ್ಗು ಬಿಚ್ಚಿ, ಬಾಡಿಗೆ ತಾಗಿಸಿ ನೋಡಿದೆವು, ನೀಲಿ ಕಿಡಿ ಸೊಗಸಾಗಿ ಬಂತು. ಪೆಟ್ರೋಲು ಬರುತ್ತಿತ್ತು. ಪ್ಲಗ್ಗಿನ ತೂತಿಗೆ ನಾನೇ ಹೆಬ್ಬೆರಳು ಒತ್ತಿಕೊಂಡಿದ್ದೆ, ಹಗ್ಗ ಎಳೆದಾಗ ಗಾಳಿ ಬೆರಳನ್ನು ಎತ್ತಿ ಬಿಸಾಡಿತು, ಅಂದರೆ ರಿಂಗು ವಾಲ್ವು ಎಲ್ಲ ಸರಿಯಿದೆ. ಕಿಡಿ ಇದೆ, ಪೆಟ್ರೋಲು ಇದೆ, ದಮ್ಮು ಇದೆ, ಆದರೂ ಓಡುವುದಿಲ್ಲ. ನೀನಾದರೆ ಏನು ಹೇಳುತ್ತಿದ್ದೆ? ಟೈಮಿಂಗು ತಪ್ಪಿದೆ ಎಂದು ಹೇಳುತ್ತಿದ್ದೆ. ಪಿಸ್ಟನ್ನು ಮೇಲೆ ಮುಟ್ಟುವ ಮುಂಚೆಯೇ ಕಿಡಿ ಹಾರಿದರೆ ಅದನ್ನು ಅರ್ಧ ದಾರಿಯಿಂದಲೇ ಕೆಳಕ್ಕೆ ತಳ್ಳುತ್ತದೆ, ಆಗಲೇ ಹಗ್ಗ ಉಲ್ಟಾ ಎಳೆಯುವುದು ಎಂದು ನಿನಗೆ ಹೇಳಿಕೊಟ್ಟವರು ನಿನ್ನ ಅಬ್ಬಾನೇ. ನಾನು ಟಾರ್ಚು ಹಿಡಿದುಕೊಂಡೇ ಅದನ್ನು ಕಲಿತದ್ದು.

ಅಂಥವರು ಪ್ಲಗ್ಗನ್ನೇ ಮತ್ತೆ ಮತ್ತೆ ಬದಲಾಯಿಸಿದರು. ಸರಿಯಿದ್ದ ಕಾರ್ಬುರೇಟರನ್ನು ಇನ್ನೊಮ್ಮೆ ಬಿಚ್ಚಿದರು. ಪೆಟ್ರೋಲಿನಲ್ಲಿ ನೀರಿದೆ ಎಂದರು. "ಮ್ಯಾಗ್ನೆಟ್ಟು ಬಿಚ್ಚಿ ನೋಡಬಾರದಾ?" ಎಂದು ನಾನು ಒಂದು ಸಲ ಕೇಳಿದೆ. "ನಿನ್ ಕೆಲ್ಸ ನೋಡ್ಕೊ ಓಗು, ದೊಡ್ಡ ಮೇಸ್ತ್ರಿ ಬಂದ್ಬುಟ್ಲು" ಎಂದು ರೇಗಿಬಿಟ್ಟರು. ಅಂಗಡಿಯಲ್ಲಿದ್ದಾಗ ಅವರ ಬಾಯಲ್ಲಿ ನನ್ನ ಜೊತೆಗೂ ಕನ್ನಡವೇ ಬರುವುದು, ನಿನಗೆ ಗೊತ್ತಲ್ಲ. ಬೈದದ್ದಕ್ಕೆ ನನಗೆ ಬೇಜಾರಿಲ್ಲ, ಅವರು ಬೈಯದ ದಿನ ಜ್ವರವೇನಾದರೂ ಬಂದಿದೆಯಾ ಎಂದು ಹಣೆ ಮುಟ್ಟಿ ನೋಡುವವಳು ನಾನು. ಆದರೆ ಮೂವತ್ತು ವರ್ಷ ಕೈ ಪಳಗಿದ ಮೆಕ್ಯಾನಿಕ್ಕು ನೋಡಬೇಕಾದ ಒಂದು ಜಾಗ ಬಿಟ್ಟು ಉಳಿದ ಎಲ್ಲವನ್ನೂ ನೋಡುತ್ತಿದ್ದರೆ ಅನುಮಾನ ಬಾರದೆ ಇರುತ್ತದೆಯೆ?

ಊರಿನ ಬಾಯಿ ಸುಮ್ಮನಿರಲಿಲ್ಲ. ಅಂಗಡಿಯ ಮುಂದೆ ಚಹಾ ಕುಡಿಯುವವರೆಲ್ಲ ಕೇಳಿ ಕೇಳಿ ಹೋದರು. ಅರಕೆರೆಯ ದೇವರಾಜು ಟಿಲ್ಲರು ರಿಪೇರಿಗೆ ಬಂದವನು ಈ ಮಿಷನ್ನಿನ ಸುತ್ತ ಒಂದು ಸುತ್ತು ಹಾಕಿ, "ಏನ್ ಪಾಷಣ್ಣ, ನಿಮ್ಗೇ ಬಗ್ನಿಲ್ಲ ಅಂದ್ರೆ ಇದು ಇನ್ಯಾರ್ಗ್ ಬಗ್ಗಾತದೆ? ವಯಸ್ಸಾಯ್ತು ಬುಡಿ" ಎಂದ. ಒಳ್ಳೆಯವನೇ, ತಮಾಷೆಗೆ ಅಂದದ್ದು. ಆದರೆ ಮಾರನೆಯ ದಿನ ಟಿಲ್ಲರನ್ನು ಬೇರೆ ಕಡೆ ಒಯ್ದ ಎಂದು ಗೊತ್ತಾಯಿತು. ಅಬ್ಬಾ ಎಲ್ಲವನ್ನೂ ತಲೆ ತಗ್ಗಿಸಿ ಕೇಳಿಕೊಂಡರು. ಒಂದು ನಟ್ಟು ಸಡಿಲವಾಗಿದೆ ಎಂದು ಯಾರಾದರೂ ಅಂದರೆ ಬೀದಿಗೆ ಕೇಳುವಂತೆ ಜಗಳಕ್ಕೆ ನಿಲ್ಲುತ್ತಿದ್ದ ಮನುಷ್ಯ "ಊಂ, ಕೈ ಓಯ್ತು ಕಣಪ್ಪ" ಎಂದು ಒಪ್ಪಿಕೊಳ್ಳುವುದನ್ನು ನಾನು ಪರದೆಯ ಹಿಂದೆ ನಿಂತು ಕೇಳಿದೆ.

ಹೋದ ವಾರ ಶುಕ್ರವಾರದ ಜುಮ್ಮಾ ನಮಾಜಿಗೆ ಅವರು ಹೋದಾಗ ನಾನೇ ಬಿಚ್ಚಿದೆ. ಮೇಲಿನ ಕವರು ತೆಗೆದು, ನಟ್ಟು ಸಡಿಲಿಸಿ, ಪುಲ್ಲರು ಹಾಕಿ ತಿರುಗಿಸಿದರೆ ಕಿಡಿ ಹುಟ್ಟಿಸುವ ಮ್ಯಾಗ್ನೆಟ್ಟಿನ ಚಕ್ರ ಕಟ್ ಎಂದು ಎದ್ದು ಬಂತು. ಶಾಫ್ಟಿಗೂ ಚಕ್ರಕ್ಕೂ ನಡುವೆ ಒಂದು ಲಾಕು ಕೂರುತ್ತದಲ್ಲ, ಕಿರುಬೆರಳಿನ ಉಗುರಿನಷ್ಟು ಚಿಕ್ಕ ತುಂಡು, ಚಕ್ರವನ್ನು ಅದರ ಜಾಗದಲ್ಲಿ ಹಿಡಿದಿಡುವುದು ಅದೊಂದೇ. ಅದರಲ್ಲಿ ಅರ್ಧ ಇರಲಿಲ್ಲ. ಚಕ್ರ ಒಂದು ಚೂರು ಪಕ್ಕಕ್ಕೆ ಸರಿದು ಕೂತಿತ್ತು, ಅದಕ್ಕೇ ಕಿಡಿ ಮುಂಚಿತವಾಗಿ ಹಾರುತ್ತಿತ್ತು. ಸಿಕ್ಕಿತಲ್ಲ ಎಂದು ಒಂದು ಗಳಿಗೆ ಖುಷಿಯಾಯಿತು. ಆಮೇಲೆ ಲಾಕನ್ನು ಬೆಳಕಿಗೆ ಹಿಡಿದು ನೋಡಿದೆ. ತಾನಾಗಿ ಕತ್ತರಿಸಿಹೋದ ಲಾಕಿನ ಅಂಚು ಹರಿದಂತೆ ತರಿತರಿಯಾಗಿರುತ್ತದೆ, ಎಷ್ಟೊಂದು ಸ್ಕೂಟರುಗಳದ್ದು ನೋಡಿದ್ದೇನೆ. ಇದರ ಅಂಚು ನುಣ್ಣಗಿತ್ತು. ಅರ ಹಾಕಿ ಉಜ್ಜಿದ ಗೆರೆಗಳು ಹೊಳೆಯುತ್ತಿದ್ದವು. ಇಂಜಿನ್ನು ಸ್ಟಾರ್ಟ್ ಆಗಬಾರದೆಂದು ನಿನ್ನ ಅಬ್ಬಾನೇ ಅದನ್ನು ಉಜ್ಜಿ ಹಾಕಿದ್ದರು.

ಯಾಕೆ ಎಂದು ಹೊಳೆಯಲು ಬಹಳ ಹೊತ್ತು ಬೇಕಾಗಲಿಲ್ಲ. ಲಾಕನ್ನು ಇದ್ದ ಹಾಗೆಯೇ ಕೂರಿಸಿ, ಕವರು ಮುಚ್ಚಿ, ಕೈ ತೊಳೆದು ಅನ್ನಕ್ಕೆ ಇಟ್ಟೆ. ಅವರು ಬಂದರು, ಉಂಡರು. ಸಾರಿಗೆ ಉಪ್ಪು ಕಡಿಮೆ ಎಂದರು. ನಾನು ಉಪ್ಪಿನ ಡಬ್ಬಿ ತಂದು ಮುಂದಿಟ್ಟೆ.

ನಿನಗೆ ಕಬರಸ್ತಾನದ ಈಗಿನ ಸ್ಥಿತಿ ಗೊತ್ತಿಲ್ಲ, ಅದನ್ನು ಹೇಳದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ಡೆಂಗ್ಯೂ ಜ್ವರ ಬಂದು ಫಿಜಾ ಹೋದದ್ದು ಆಚೆ ವರ್ಷದ ಸುರಿಯುವ ಮಳೆಯಲ್ಲಿ. ಅವಳ ಮೇಲೆ ಹಾಕಿದ ಮಣ್ಣು ಆ ಮಳೆಗಾಲ ಮುಗಿಯುವಷ್ಟರಲ್ಲಿ ಕುಸಿದು ನೆಲಸಮವಾಯಿತು. ಕಲ್ಲು ಹಾಕಿಸುವಂತಿಲ್ಲ. ಯಾಕೆಂದರೆ ಕಲ್ಲು ಬೇಡ ಎಂಬ ಕಾನೂನು ಮಾಡಿಸಿದವರೇ ನಿನ್ನ ಅಬ್ಬಾ. ನೀನು ಇಲ್ಲಿದ್ದಾಗಲೇ ಅಲ್ಲವೆ, ಬಟ್ಟೆ ಅಂಗಡಿಯವರು ತಮ್ಮ ತಂದೆಯ ಕಬರಿಗೆ ಕರಿಕಲ್ಲಿನ ಕಟ್ಟೆ ಕಟ್ಟಿಸುತ್ತೇವೆ ಎಂದಾಗ ಇವರು ಕಮಿಟಿಯಲ್ಲಿ ಎದ್ದು ನಿಂತು, "ಇರೋದು ಅಂಗೈಯಷ್ಟು ಜಾಗ. ಅದ್ರಲ್ಲಿ ಉಳ್ಳವ್ರು ಕಲ್ಲು ಕಟ್ಕಂಡ್ರೆ ಮುಂದೆ ಸಾಯೋರ್ನ ಎಲ್ ಮಲಗ್ಸ್ತೀರಾ? ಕಲ್ಲೂ ಬ್ಯಾಡ, ಗುರ್ತಿನ್ ಗಿಡಾನೂ ಬ್ಯಾಡ, ಎಲ್ರೂ ಒಂದೇ ಸಮ" ಎಂದು ಮೇಜು ಗುದ್ದಿ ಪಾಸು ಮಾಡಿಸಿದ್ದು? ಮಾತು ನ್ಯಾಯವಾದದ್ದೇ. ಆ ಬಟ್ಟೆ ಅಂಗಡಿಯ ಮುದುಕಿ ನಮ್ಮ ಮನೆ ಬಾಗಿಲಿಗೆ ಬಂದು ಅತ್ತಾಗ ನಾನೂ ಗಂಡನ ಕಡೆಯೇ ಮಾತಾಡಿದ್ದೆ. ನಮ್ಮ ಮನೆಯಿಂದಲೂ ಒಂದು ಮಗು ಅಷ್ಟು ಬೇಗ ಅಲ್ಲಿಗೆ ಹೋಗುತ್ತದೆ ಎಂದು ಯಾರು ಅಂದುಕೊಂಡಿದ್ದರು?

ಹೆಂಗಸರು ನಾವು ಒಳಗೆ ಹೋಗುವಂತಿಲ್ಲ. ಅವಳನ್ನು ಮನೆಯ ಹೊಸಿಲಿನಲ್ಲಿ ಬೀಳ್ಕೊಟ್ಟವಳು ನಾನು, ಎಲ್ಲಿ ಮಲಗಿಸಿದರೆಂದು ನೋಡಲಿಲ್ಲ. ನಲವತ್ತನೆಯ ದಿನದ ಫಾತಿಹಾ ಮುಗಿದ ಮೇಲೆ ಗೇಟಿನ ತನಕ ಹೋದೆ. ಒಳಗೆ ಬರೀ ಹುಲ್ಲು, ಯಾವುದು ಅವಳದು, ಯಾವುದು ಬೇರೆಯವರದು? ಗೇಟಿನ ಸರಳು ಹಿಡಿದುಕೊಂಡು ಅಲ್ಲೇ ಕುಸಿದುಬಿಟ್ಟೆ. ನಿನ್ನ ಅಬ್ಬಾ ಎತ್ತಿ ಆಟೋದಲ್ಲಿ ಕೂರಿಸಿಕೊಂಡು ಬಂದರು. ಆಮೇಲೆ ನಾನೇ ಅರಕೆರೆಯ ತವರು ಮನೆಯ ಹಿತ್ತಲಿನಿಂದ ಸಬ್ಜಾ ಬೀಜ ತಂದುಕೊಟ್ಟೆ, ಅಲ್ಲಿಯವರು ಕಾಮಕಸ್ತೂರಿ ಎನ್ನುತ್ತಾರಲ್ಲ, ಅದೇ. ಹಸಿರಾಗಿರುವಷ್ಟು ದಿನ ಗಿಡ ಅಲ್ಲಾಹನ ಹೆಸರು ಹೇಳುತ್ತಿರುತ್ತದೆ, ಕೆಳಗೆ ಮಲಗಿದವರಿಗೆ ಅದು ತಂಪು ಎಂದು ನನ್ನ ನಾನಿ ಹೇಳುತ್ತಿದ್ದರು. ಇವರು ಬೇಡವೆನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ, ಬೀಜ ಜೇಬಿಗೆ ಹಾಕಿಕೊಂಡು ಹೋದರು. ದಿನಾ ಸಂಜೆಯ ಅಸರ್ ನಮಾಜು ಮುಗಿಸಿ ಹೋಗಿ ನೀರು ಹಾಕಿದರು. ಸಬ್ಜಾ ಎದ್ದಿತು, ಹರಡಿತು, ಉಳಿದ ಹುಲ್ಲಿನ ನಡುವೆ ಅದರ ಹಸಿರೇ ಬೇರೆ. ಅಂದಿನಿಂದ ಪ್ರತಿ ಗುರುವಾರ ನಾನು ಗೇಟಿನಲ್ಲಿ ನಿಂತು ಆ ಹಸಿರನ್ನು ನೋಡಿ ದುವಾ ಮಾಡಿ ಬರುತ್ತೇನೆ. ಹೊಳೆ ಕಡೆಯಿಂದ ಗಾಳಿ ಬೀಸಿದರೆ ವಾಸನೆಯೂ ಬರುತ್ತದೆ. ಹೋದ ಸಲ ಕುಳ್ಳಮ್ಮ ಹುಲ್ಲು ಕೊಯ್ದಾಗ ಹೊರಗೆ ಬಂದು, "ನಿನ್ ಮಗ್ಳು ಗಿಡ ಮುಟ್ನಿಲ್ಲ ಕಣವ್ವ, ಸುತ್ತ ಬುಟ್ಟು ಕುಯ್ದಿವ್ನಿ" ಎಂದಳು. ಕೆಲಸಕ್ಕೆಂದು ಅವಳು ಒಳಗೆ ಹೋಗಬಹುದು, ಹೆತ್ತವಳು ನಾನು ಹೋಗುವಂತಿಲ್ಲ ಎಂದು ಆವತ್ತು ಅವಳ ಮೇಲೆ ಅಸೂಯೆಯಾಯಿತು. ಆಮೇಲೆ ಅವಳ ಕೈ ಹಿಡಿದುಕೊಂಡು ಅತ್ತೆ.

ಈಗ ಗೊತ್ತಾಯಿತಲ್ಲ? ಕುಡುಗೋಲಾದರೆ ಸುತ್ತ ಬಿಟ್ಟು ಹೋಗುತ್ತದೆ, ಮಾಡಿದವಳು ಕುಳ್ಳಮ್ಮ, ಯಾರೂ ಕೇಳುವುದಿಲ್ಲ. ಮಿಷನ್ನು ತಳ್ಳುವಾಗ ಕಮಿಟಿಯವರೆಲ್ಲ ನಿಂತು ನೋಡುತ್ತಾರೆ. ನನ್ನ ಮಗಳ ಗಿಡ ಬಿಡಿ ಎಂದು ನಿನ್ನ ಅಬ್ಬಾ ಯಾವ ಬಾಯಲ್ಲಿ ಕೇಳಬೇಕು? ಕೇಳಲಾರದೆ ಲಾಕಿಗೆ ಅರ ಹಾಕಿದರು. ಸುಳ್ಳು ಹೇಳಲು ಬಾರದ ಮನುಷ್ಯ ಇಂಜಿನ್ನಿನ ಕೈಯಲ್ಲಿ ಸುಳ್ಳು ಹೇಳಿಸಿದರು.

ಈ ವಾರದ ಆರಂಭದಲ್ಲಿ ಮುತವಲ್ಲಿ ಸಾಹೇಬರು ಮುಂದೆ ನಿಂತು ಎಳೆಸಿದಾಗ ಹಗ್ಗ ಎಂಥ ಒದೆ ಕೊಟ್ಟಿತೆಂದರೆ ಅಬ್ಬಾನ ಮಣಿಕಟ್ಟು ಬನ್ನಿನಂತೆ ಊದಿಕೊಂಡಿತು. ಮೂಳೆಗೆ ಏನೂ ಆಗಿಲ್ಲ, ಗಾಬರಿಯಾಗಬೇಡ. ಸಾಹೇಬರು ಪಾಪ ನೊಂದುಕೊಂಡು, ಕೆ.ಆರ್. ಪೇಟೆಯಲ್ಲಿ ಒಬ್ಬ ಒಳ್ಳೆಯ ಮೆಕ್ಯಾನಿಕ್ಕಿದ್ದಾನೆ, ಶುಕ್ರವಾರ ನಮಾಜು ಮುಗಿದ ಮೇಲೆ ಇದನ್ನು ಅಲ್ಲಿಗೆ ಸಾಗಿಸುತ್ತೇವೆ, ನೀವು ಆಯಾಸ ಮಾಡಿಕೊಳ್ಳಬೇಡಿ ಎಂದರು. ಅವರು ಹೋದ ಮೇಲೆ ಮಣಿಕಟ್ಟಿಗೆ ಅರಿಶಿನ ಸುಣ್ಣ ಬಿಸಿ ಮಾಡಿ ಹಚ್ಚುತ್ತಾ ನಾನು ಕೇಳಿಯೇಬಿಟ್ಟೆ. ಕೆ.ಆರ್. ಪೇಟೆಯವನು ಮ್ಯಾಗ್ನೆಟ್ಟು ಬಿಚ್ಚುತ್ತಾನೆ, ಅರದ ಗುರುತು ಅವನಿಗೂ ಕಾಣುತ್ತದೆ, ಆಮೇಲೇನು ಎಂದೆ. ಅವರು ಕೈ ಎಳೆದುಕೊಳ್ಳಲಿಲ್ಲ, ನನಗೆ ಹೇಗೆ ಗೊತ್ತಾಯಿತು ಎಂದೂ ಕೇಳಲಿಲ್ಲ. "ನೋಡ್ಲಿ ಬುಡು" ಎಂದರು. ಆಮೇಲೆ, "ನಿಂಗೆ ಗೇಟಿಂದ ಕಾಣೋದು ಅದೊಂದೇ ಅಲ್ವೇನೆ? ಅದನ್ನೂ ನನ್ ಕೈಯಾರೆ ಕುಯ್ಯನಾ?" ಎಂದರು.

ಸೈಫು, ಅಷ್ಟು ದಿನ ನಾನು ಅವರು ಮಗಳಿಗಾಗಿ ಹೀಗೆ ಮಾಡಿದರು ಎಂದುಕೊಂಡಿದ್ದೆ. ನನಗಾಗಿ ಎಂದು ತಲೆಗೆ ಹೊಳೆದೇ ಇರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಒಂದು ಮುತ್ತಿನಂಥ ಮಾತು ಆಡದ ಗಂಡಸು, ನನಗೆ ಒಂದು ಹಿಡಿ ಹಸಿರು ಕಾಣಲಿ ಎಂದು ತನ್ನ ಹೆಸರನ್ನೇ ಬೀದಿಯಲ್ಲಿ ಬಿಟ್ಟಿದ್ದರು. ನನಗೆ ಅವರ ಮೇಲೆ ಸಿಟ್ಟು ಬಂತು, ಅಳು ಬಂತು, ಕಾಲು ಹಿಡಿದುಕೊಳ್ಳಬೇಕು ಅನಿಸಿತು. ಯಾವುದನ್ನೂ ಮಾಡದೆ ಅರಿಶಿನದ ಬಟ್ಟಲು ಎತ್ತಿಕೊಂಡು ಒಳಗೆ ಹೋದೆ.

ಎರಡು ದಿನ ಯೋಚನೆ ಮಾಡಿದೆ. ಕೈ ಹೋಯಿತು ಎಂದು ಜನ ಅಂದರೆ ಅದನ್ನು ಹೇಗೋ ನುಂಗಬಹುದು, ವಯಸ್ಸಿನ ಮೇಲೆ ಹಾಕಬಹುದು. ಆದರೆ ಮಸೀದಿಯ ಕೆಲಸವನ್ನು ಬೇಕೆಂದೇ ಕೆಡಿಸಿದ, ಬೇರೆಯವರ ಕಲ್ಲು ತಡೆದು ತನ್ನ ಮಗಳ ಗಿಡ ಉಳಿಸಿಕೊಂಡ ಎಂದು ಒಂದು ಮಾತು ಹುಟ್ಟಿದರೆ ಅವರು ಬದುಕಿರುವುದಿಲ್ಲ ಕಂದಾ. ಅವರಿಗೆ ಇರುವ ಆಸ್ತಿ ಆ ನಿಯತ್ತು ಒಂದೇ. ಅವರು ನನಗಾಗಿ ಅದನ್ನು ಬಿಡಲು ತಯಾರಾಗಿದ್ದರು. ನಾನು ಬಿಡಿಸಲು ತಯಾರಿರಲಿಲ್ಲ.

ನಿನ್ನೆ ಜುಮ್ಮಾಕ್ಕೆ ಅವರು ಹೊರಟ ಮೇಲೆ ಮತ್ತೆ ಬಿಚ್ಚಿದೆ. ಅವರು ಬಿಚ್ಚಿ ತೆಗೆದಿದ್ದ ಒಳ್ಳೆಯ ಲಾಕು ಎಲ್ಲಿಟ್ಟಿದ್ದಾರೆಂದು ಹುಡುಕುವ ಕಷ್ಟವೇ ಆಗಲಿಲ್ಲ, ಅವರ ಸ್ಪ್ಯಾನರ್ ಪೆಟ್ಟಿಗೆಯಲ್ಲೇ ಗ್ರೀಸು ಹಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಸರಿಯಿರುವ ಪಾರ್ಟನ್ನು ಬಿಸಾಡಲು ಅವರ ಕೈ ಎಂದೂ ಬರುವುದಿಲ್ಲ. ಶಾಫ್ಟಿನ ಕಚ್ಚು ಮತ್ತು ಚಕ್ರದ ಕಚ್ಚು ಎದುರುಬದುರು ಹಿಡಿದು, ಲಾಕು ಕೂರಿಸಿ, ಬಿಸ್ಮಿಲ್ಲಾ ಎಂದು ನಟ್ಟು ಬಿಗಿದೆ. ನನ್ನ ಕೈ ಬಿಗಿ ಸಾಲದು ಎಂದು ಸ್ಪ್ಯಾನರಿನ ಹಿಡಿಗೆ ಪೈಪು ತೂರಿಸಿ ಮೈಭಾರ ಹಾಕಿದೆ. ಬಿಗಿಯುವಾಗ ಅಳು ತಡೆಯಲಾಗಲಿಲ್ಲ. ಗೇಟಿನ ಆಚೆಯ ಆ ಹಸಿರಿನ ಮೇಲೆ ನಾನೇ ಕುಡುಗೋಲು ಎತ್ತಿದ ಹಾಗೆ ಅನಿಸುತ್ತಿತ್ತು.

ನಮಾಜು ಮುಗಿಸಿ ಮುತವಲ್ಲಿ ಸಾಹೇಬರು, ಬಟ್ಟೆ ಅಂಗಡಿಯವರ ಮಗ, ಇನ್ನೂ ಕೆಲವರು ಸಾಮಾನು ಸಾಗಿಸುವ ಆಟೋ ತೆಗೆದುಕೊಂಡು ಬಂದರು. ನಾನು ಪರದೆಯ ಹಿಂದಿನಿಂದ, "ಹೇಗೂ ಒಯ್ಯುತ್ತೀರಲ್ಲ, ಕೊನೆಗೆ ಒಂದು ಸಲ ಅವರೇ ಎಳೆಯಲಿ ಭಾಯಿ" ಎಂದೆ. ಅಬ್ಬಾ ನನ್ನ ಕಡೆ ತಿರುಗಿ ಕಣ್ಣು ಕೆಂಪಗೆ ಮಾಡಿದರು. ಊದಿದ ಕೈ ಬಿಟ್ಟು ಎಡಗೈಯಲ್ಲಿ ಹಗ್ಗ ಹಿಡಿದು, ಒದೆ ತಿನ್ನಲು ತಯಾರಾಗಿ ಹಲ್ಲು ಕಚ್ಚಿಕೊಂಡು ಎಳೆದರು. ಇಂಜಿನ್ನು ಒಂದೇ ಎಳೆತಕ್ಕೆ ಹಿಡಿಯಿತು. ಎಷ್ಟು ಸಮವಾಗಿ, ಎಷ್ಟು ನಯವಾಗಿ ಓಡಿತು ಗೊತ್ತಾ, ನೀನು ಕೇಳಿದ್ದರೆ ಇದು ಅಬ್ಬಾ ಕಟ್ಟಿದ ಇಂಜಿನ್ನು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಬಂದವರೆಲ್ಲ ಮಾಷಾಅಲ್ಲಾ ಎಂದು ಅವರ ಬೆನ್ನು ತಟ್ಟಿದರು. ಎಲ್ಲಿ ಪ್ರಾಬ್ಲಮ್ಮಿತ್ತು ಎಂದು ಯಾರೋ ಕೇಳಿದರು. ಅವರು ಪರದೆಯ ಸಂದಿಯಲ್ಲಿ ನನ್ನನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ಎಲ್ಲರೂ ಹೊಗೆಯ ಮೇಲೆ ಹಾಕಿದರು.

ನಾಳೆ ಭಾನುವಾರ ಕೊಯ್ಯುತ್ತಾರೆ. ಮಿಷನ್ನು ತಾನೇ ತಳ್ಳುತ್ತೇನೆ, ಬೇರೆಯವರ ಕೈಗೆ ಕೊಡುವುದಿಲ್ಲ ಎಂದು ಅಬ್ಬಾ ಹೇಳಿದ್ದಾರೆ. ಆ ಜಾಗ ಬಂದಾಗ ಸುತ್ತ ಬಿಟ್ಟು ಹೋಗುತ್ತಾರೋ, ಮೇಲೆಯೇ ಹೋಗುತ್ತಾರೋ ನಾನು ಕೇಳಿಲ್ಲ, ಅವರೂ ಹೇಳಿಲ್ಲ. ನಾವಿಬ್ಬರೂ ಈಗ ಅಕ್ಕಿ, ಹಾಲು, ಕರೆಂಟು ಬಿಟ್ಟು ಬೇರೆ ಮಾತಾಡುತ್ತಿಲ್ಲ. ನೀನು ಫೋನು ಮಾಡಿದಾಗ ಇಂಜಿನ್ನಿನ ವಿಷಯ ಎತ್ತಬೇಡ. ಅವರ ಮಣಿಕಟ್ಟು ಹೇಗಿದೆ ಎಂದು ಮಾತ್ರ ಕೇಳು.

ನಿನ್ನ ಸ್ಟೀರಿಂಗಿನ ಮೇಲೆ, ನಿನ್ನ ದಾರಿಯ ಮೇಲೆ, ನಿನ್ನ ನಿದ್ದೆಯ ಮೇಲೆ ಅಲ್ಲಾಹನ ರಕ್ಷೆ ಇರಲಿ. ರೂಮಿನ ಹುಡುಗರಿಗೆಲ್ಲ ನನ್ನ ದುವಾ ಹೇಳು, ಉಪ್ಪಿನಕಾಯಿ ಎಲ್ಲರಿಗೂ ಕೊಡು, ಒಬ್ಬನೇ ಬಚ್ಚಿಟ್ಟುಕೊಳ್ಳಬೇಡ.

ನಿನ್ನನ್ನು ಕಾಯುತ್ತಿರುವ ಅಮ್ಮಿ,
ರೆಹಮತುನ್ನೀಸಾ

ತಾಜಾ ಕಲಂ: ಬೇಟಾ, ಇವತ್ತು ಹದಿನಾಲ್ಕು, ಶುಕ್ರವಾರ. ಜುಬೇರ್ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಅಬ್ಬಾ ಸುತ್ತ ಬಿಟ್ಟು ಹೋಗಲಿಲ್ಲ. ನಾನು ಗೇಟಿನಲ್ಲಿ ನಿಂತಿದ್ದೆ. ಆ ಜಾಗಕ್ಕೆ ಬಂದಾಗ ಬಟ್ಟೆ ಅಂಗಡಿಯವರ ಮಗನೇ ಅಡ್ಡ ಬಂದು "ಅದೊಂದ್ ಇರ್ಲಿ ಬುಡಿ ಚಾಚಾ" ಎಂದನಂತೆ. ಇವರು ಬೇಡವೆಂದು ತಲೆಯಾಡಿಸಿ, ಮಿಷನ್ನು ನಿಲ್ಲಿಸದೆ ನೇರ ತಳ್ಳಿಕೊಂಡು ಹೋದರು. ಸಬ್ಜಾದ ವಾಸನೆ ಗೇಟಿನ ತನಕ ಬಂತು. ಅಂದಿನಿಂದ ಅವರು ಒಳಗೆ ಕಾಲಿಟ್ಟಿಲ್ಲ. ನಿನ್ನೆ ಷಬೆಬರಾತು, ಮಗ್ರಿಬ್ ನಮಾಜು ಆದ ಮೇಲೆ ಊರಿನ ಗಂಡಸರೆಲ್ಲ ದೀಪ ಹಿಡಿದು ಒಳಗೆ ಹೋದರು, ಇವರು ಗೇಟಿನಲ್ಲಿ ಹೆಂಗಸರ ಸಾಲಿನಲ್ಲಿ ನನ್ನ ಪಕ್ಕ ನಿಂತುಬಿಟ್ಟರು. ಈಗ ಒಳಗೆ ಎಲ್ಲವೂ ಒಂದೇ ಸಮ. ಕುಳ್ಳಮ್ಮನನ್ನು ಕೇಳಿದೆ, "ನಂಗೂ ಗುರ್ತು ಸಿಕ್ಕಲ್ಲ ಕಣವ್ವ" ಎಂದಳು. ಗೊತ್ತಿರುವುದು ನಿನ್ನ ಅಬ್ಬಾನಿಗೆ ಒಬ್ಬರಿಗೇ. ಈದಿಗೆ ಬಾ, ಸಂಬಳ ಹಿಡಿದುಕೊಂಡರೆ ಹಿಡಿದುಕೊಳ್ಳಲಿ. ಅವರು ಒಬ್ಬರೇ ಹೋಗುವುದಿಲ್ಲ, ನೀನು ಕೈ ಹಿಡಿದರೆ ಬರುತ್ತಾರೆ. ಅವರನ್ನು ಕರೆದುಕೊಂಡು ಒಳಗೆ ಹೋಗಿ ಅವಳ ಹತ್ತಿರ ಸ್ವಲ್ಪ ಹೊತ್ತು ನಿಂತುಕೋ ಬೇಟಾ, ನಾನು ಗೇಟಿನಿಂದ ನೋಡುತ್ತೇನೆ.